ಭಾನುವಾರದ ಸ್ಟಾಪ್ ಮೋಷನ್ ಚಿತ್ರೀಕರಣ: ಕ್ಯಾಮೆರಾ ತರುವವರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ ಹಾಸನದ ನಮ್ಮ ಮನೆಯ ಮಹಡಿಯಲ್ಲಿ ಮಣ್ಣಿನ ಬೊಂಬೆಗಳ ಸ್ಟಾಪ್ ಮೋಷನ್ (ಬೊಂಬೆಯನ್ನು ಸ್ವಲ್ಪ ಸ್ವಲ್ಪವೇ ಸರಿಸಿ ಒಂದೊಂದೇ ಚಿತ್ರ ತೆಗೆದು, ಅದು ಚಲಿಸುವಂತೆ ತೋರಿಸುವ) ಚಿತ್ರೀಕರಣ ಮುಂದುವರಿಯಲಿದೆ. ಕ್ಯಾಮೆರಾ ತರುವವರು ಅದನ್ನು ಯುಎಸ್‌ಬಿ ಕೇಬಲ್ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿ, ಸ್ಟಾಪ್ ಮೋಷನ್‌ಗೆ ಬಳಸುವ ಡ್ರ್ಯಾಗನ್‌ಫ್ರೇಮ್ ತಂತ್ರಾಂಶದಲ್ಲಿ ಲೈವ್ ವ್ಯೂ (ಕ್ಯಾಮೆರಾ ಆ ಕ್ಷಣ ಕಾಣುತ್ತಿರುವ ದೃಶ್ಯ) ಮೂಡುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷಿಸಿಕೊಂಡು ಬರಬೇಕಾಗಿ ವಿನಂತಿ. ಎಲ್ಲ ಕ್ಯಾಮೆರಾಗಳೂ ಅದಕ್ಕೆ ಹೊಂದುವುದಿಲ್ಲ.

ಕಳೆದ ಬಾರಿ ನಾನು ವೈಟ್ ಬ್ಯಾಲೆನ್ಸನ್ನು (ಬೆಳಕಿಗೆ ತಕ್ಕಂತೆ ಬಣ್ಣ ಸರಿಹೊಂದಿಸುವ ಸೆಟ್ಟಿಂಗ್) ಆಟೊದಲ್ಲೇ ಬಿಟ್ಟಿದ್ದರಿಂದ, ಕೆಂಪು ಸೀರೆಯ ಬೊಂಬೆ ಮುಂದೆ ಬಂದಂತೆಲ್ಲ ಹಿಂದಿನ ಗೋಡೆಯ ಬಣ್ಣ ಬದಲಾಗುತ್ತಾ ಹೋಗಿ 96 ಚಿತ್ರಗಳು ವ್ಯರ್ಥವಾದವು. ಸೆಕೆಂಡಿಗೆ 24 ಫ್ರೇಮಿನಂತೆ, ಒಂದೊಂದು ಚಿತ್ರವನ್ನು ಎರಡು ಫ್ರೇಮ್ ಹಿಡಿದರೆ ಅದು ಕೇವಲ 8 ಸೆಕೆಂಡು. ಆದರೆ ನಮಗೆ ಒಂದು ಮಧ್ಯಾಹ್ನವೇ ಹಿಡಿದಿತ್ತು. ಆದ್ದರಿಂದ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ), ಶಟರ್, ಫೋಕಸ್, ವೈಟ್ ಬ್ಯಾಲೆನ್ಸ್ ಎಲ್ಲವೂ ಮ್ಯಾನ್ಯುಯಲ್‌ನಲ್ಲಿರಲಿ.

ಇಷ್ಟಾದರೂ ದೃಶ್ಯ ಮಿನುಗಿದರೆ ಅಪರ್ಚರನ್ನು (ಲೆನ್ಸಿನಲ್ಲಿ ಬೆಳಕು ಒಳಬರುವ ರಂಧ್ರ) ಅನುಮಾನಿಸಬೇಕು. ಈಗಿನ ಲೆನ್ಸುಗಳ ಒಳಗಿನ ಅಲಗುಗಳು ಪ್ರತಿ ಚಿತ್ರಕ್ಕೂ ತೆರೆದು ಮುಚ್ಚುವಾಗ ಕೂದಲೆಳೆಯಷ್ಟು ಆಚೀಚೆ ನಿಲ್ಲುವುದರಿಂದ ಬೆಳಕು ಏರುಪೇರಾಗುತ್ತದೆ. ಕೈಯಿಂದ ತಿರುಗಿಸುವ ಅಪರ್ಚರ್ ಉಂಗುರವಿರುವ ಹಳೆಯ ಲೆನ್ಸ್ ಇದ್ದವರು, ನಿಮ್ಮ ಕ್ಯಾಮೆರಾಕ್ಕೆ ಹೊಂದುವ ಅಡಾಪ್ಟರ್ ಸಮೇತ ತಂದರೆ ದೊಡ್ಡ ಉಪಕಾರ.

ಮೋಡ ಸರಿದಾಗಲೆಲ್ಲ ಬೆಳಕು ಬದಲಾಗುವುದರಿಂದ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಲಾಗುವುದು. ಬಿಳಿ ಅಂಗಿಯೂ ಬೆಳಕನ್ನು ಬೊಂಬೆಯ ಮೇಲೆ ಚೆಲ್ಲುತ್ತದೆ, ದಯವಿಟ್ಟು ಗಾಢ ಬಣ್ಣದ ಉಡುಪಿನಲ್ಲಿ ಬನ್ನಿ. ಕರೆಂಟು ಹೋದರೆ ದೀಪಗಳಿಗೆ ಯುಪಿಎಸ್ ಇದೆ. ಕ್ಯಾಮೆರಾ ಬ್ಯಾಟರಿ ಮಾತ್ರ ನಿಮ್ಮದೇ ಜವಾಬ್ದಾರಿ.