ಸುರಂಗದ ರಿಂಗ್ ಲೆಕ್ಕವನ್ನು ಪ್ರಕಟಿಸಿ: ನಗರಾಭಿವೃದ್ಧಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮ್ಮ ಬೆಂಗಳೂರು ಮೆಟ್ರೊ ಸುರಂಗದ ಚರಿತ್ರೆ ಕೇಳಿದರೆ ಸಿಗುವುದು ಉದ್ಘಾಟನೆಯ ತಾರೀಖುಗಳು. 2016ರ ಏಪ್ರಿಲ್‌ನಲ್ಲಿ ಕಬ್ಬನ್ ಪಾರ್ಕ್ ಕಡೆಯದು, ಮರುವರ್ಷ ಜೂನ್‌ನಲ್ಲಿ ಚಿಕ್ಕಪೇಟೆಯದು. 2024ರ ಅಕ್ಟೋಬರ್ 30ರಂದು ನಾಗವಾರದಲ್ಲಿ 'ಭದ್ರಾ' ಎಂಬ ಸುರಂಗ ಕೊರೆಯುವ ಯಂತ್ರ ಹೊರಬಂದು ಗುಲಾಬಿ ಮಾರ್ಗದ ಕೊರೆತ ಮುಗಿಯಿತು. ಆದರೆ ನೆಲದೊಳಗೆ ಏನಾಯಿತು ಎಂಬುದು ಇರುವುದು ರಿಂಗ್ ವರದಿಗಳಲ್ಲಿ, ಅಂದರೆ ಯಂತ್ರ ಸಾಗಿದಂತೆ ಸುರಂಗದ ಗೋಡೆಯಾಗಿ ಜೋಡಿಸುವ ಒಂದೊಂದು ಕಾಂಕ್ರೀಟ್ ಬಳೆಗೂ (ರಿಂಗ್) ಬರೆದಿಡುವ ವರದಿಗಳಲ್ಲಿ. ಹೆಬ್ಬಾಳ–ಸರ್ಜಾಪುರ ಮಾರ್ಗಕ್ಕೆ ಯಂತ್ರ ಇಳಿಸುವ ಮೊದಲು ಅವನ್ನು ಪ್ರಕಟಿಸಿ.

ಬೆಂಗಳೂರಿನ ಅಡಿಯ ಬಂಡೆ ಒಂದೇ ಸಮ ಶಿಥಿಲವಾಗಿಲ್ಲ. ಯಂತ್ರದ ಮುಖಕ್ಕೆ ಕೆಳಗೆ ಕರಿಕಲ್ಲು, ಮೇಲೆ ಪುಡಿಮಣ್ಣು ಒಟ್ಟಿಗೇ ಸಿಗುತ್ತವೆ. ಕಲ್ಲು ಕೊರೆಯಲು ಯಂತ್ರ ತಡವರಿಸುವಷ್ಟರಲ್ಲಿ ಮೇಲಿನ ಮಣ್ಣು ಒಳಗೆ ಸುರಿಯುತ್ತಲೇ ಇರುತ್ತದೆ. 6.6 ಮೀಟರ್ ವ್ಯಾಸದ ಯಂತ್ರ 1.5 ಮೀಟರಿನ ಒಂದು ರಿಂಗ್‌ಗೆ ತೆಗೆಯಬೇಕಾದ್ದು ಸುಮಾರು 51 ಘನ ಮೀಟರ್. 58 ಬಂದಿದ್ದರೆ ಮೇಲೆಲ್ಲೋ 7 ಘನ ಮೀಟರ್ ಪೊಳ್ಳಾಗಿದೆ ಎಂದೇ ಲೆಕ್ಕ. ಅಗೆದ ಮಣ್ಣು ಉಬ್ಬುವುದರಿಂದ ಟ್ರಾಲಿ ಎಣಿಸಿದರೆ ಸಾಲದು, ತೂಗಬೇಕು. ಒತ್ತಡದ ಕೆಸರುನೀರಿನಿಂದ (ಸ್ಲರಿ) ಮುಖಕ್ಕೆ ಆಸರೆ ಕೊಟ್ಟು ಅದರಲ್ಲೇ ಮಣ್ಣು ಹೊರಸಾಗಿಸುವ ಯಂತ್ರವಾದರೆ ಹೋಗುವ, ಬರುವ ಎರಡೂ ಪೈಪಿನ ಹರಿವು ಮತ್ತು ಸಾಂದ್ರತೆ ಅಳೆಯಬೇಕು. ಆ ಪೊಳ್ಳು ಕೂಡಲೇ ಕುಸಿಯುವುದಿಲ್ಲ. ಮಳೆನೀರೋ ಸೋರುವ ಒಳಚರಂಡಿಯೋ ಮಣ್ಣನ್ನು ಕೊಚ್ಚುತ್ತ ಅದನ್ನು ಮೇಲಕ್ಕೆ ತಂದಾಗ ರಸ್ತೆ ಬಾಯಿ ಬಿಡುತ್ತದೆ. ಅಷ್ಟೊತ್ತಿಗೆ ಗುತ್ತಿಗೆದಾರರ ಹೊಣೆಯ ಅವಧಿಯೇ ಮುಗಿದಿರಬಹುದು.

ಚಿಕ್ಕಪೇಟೆ–ಮೆಜೆಸ್ಟಿಕ್ ನಡುವೆ 'ಗೋದಾವರಿ' ಯಂತ್ರದ ಕಟರ್‌ಹೆಡ್ (ಮುಂದಿನ ಕೊರೆಯುವ ಚಕ್ರ) ಹಾಳಾಗಿ ಕೆಲಸ ತಿಂಗಳುಗಟ್ಟಲೆ ನಿಂತದ್ದು ಎಲ್ಲರಿಗೂ ಗೊತ್ತು. ಯಾವ ರಿಂಗ್‌ನಲ್ಲಿ ಕಲ್ಲು ಕತ್ತರಿಸುವ ಎಷ್ಟು ಡಿಸ್ಕ್ ಸವೆದವು ಎಂಬ ಪಟ್ಟಿ ಕೈಯಲ್ಲಿದ್ದರೆ ಮುಂದಿನವರು ಕಟರ್ ಬದಲಾಯಿಸುವ ಜಾಗವನ್ನು ಮೊದಲೇ ಗೊತ್ತು ಮಾಡಿ, ಅಲ್ಲಿನ ಮಣ್ಣಿಗೆ ಗ್ರೌಟ್ (ಸಿಮೆಂಟಿನ ತೆಳು ಗಾರೆ) ತುಂಬಿ ಗಟ್ಟಿ ಮಾಡಿಕೊಳ್ಳಬಹುದು.

ಇನ್ನು ಬಾವಿಗಳು. ಹಳೆ ಬಡಾವಣೆಗಳಲ್ಲಿ ಕಸ ತುಂಬಿ ಮುಚ್ಚಿದ ಬಾವಿಯ ಮೇಲೇ ಮನೆ ಎದ್ದಿರುತ್ತದೆ. ಯಂತ್ರ ಪಕ್ಕದಲ್ಲಿ ಹಾದಾಗ ಒತ್ತಡದ ಸ್ಲರಿ ಅದರೊಳಗಿಂದ ಉಕ್ಕುತ್ತದೆ, ಮುಂದಿನ ಮಣ್ಣನ್ನು ತಡೆದು ಹಿಡಿದಿದ್ದ ಮುಖದ ಒತ್ತಡ ಬೀಳುತ್ತದೆ, ಮಣ್ಣು ಕುಸಿಯುತ್ತದೆ. ಕೊಳವೆಬಾವಿಯ ಕಬ್ಬಿಣದ ಕೇಸಿಂಗ್ ಪೈಪು ಕಟರ್‌ಗೆ ಸಿಕ್ಕಿಕೊಂಡರೆ ಅದೊಂದು ಬೇರೆಯೇ ರಗಳೆ. ನೆಲ ನೋಡುವ ರೇಡಾರ್ ಒದ್ದೆ ಜೇಡಿಮಣ್ಣಿನಲ್ಲಿ ಹೆಚ್ಚು ಆಳ ಕಾಣುವುದಿಲ್ಲ, ಅದನ್ನೇ ನಂಬಿ ಕೂರಬೇಡಿ. ಮನೆಮನೆಗೆ ಹೋಗಿ ಹಿರಿಯರನ್ನು ಕೇಳಿ ಬಾವಿಗಳ ನಕ್ಷೆ ಮಾಡಿಸಿ. ಸಿಕ್ಕ ಬಾವಿಗೆ ಮರಳಲ್ಲ, ಸಿಮೆಂಟ್ ಕಡಿಮೆ ಬೆರೆಸಿದ ಕಾಂಕ್ರೀಟ್ ತುಂಬಿಸಿ.

ಪ್ರತಿ ರಿಂಗ್‌ಗೆ ನಾಲ್ಕು ಅಂಕಿ ಸಾಕು: ಹೊರಬಂದ ಮಣ್ಣಿನ ತೂಕ, ಮುಖದ ಒತ್ತಡ, ರಿಂಗ್‌ನ ಹೊರಸುತ್ತ ತುಂಬಿದ ಗ್ರೌಟ್, ಮೇಲಿನ ನೆಲ ಕುಸಿದ ಮಿಲಿಮೀಟರ್. ಇವು ಪಾಳಿಗೊಮ್ಮೆ ಹೇಗೂ ಬರೆದಿಡುವಂಥವು. ಮುಂದಿನ ಟೆಂಡರ್ ದಾಖಲೆಯಲ್ಲೇ ಪ್ರಕಟಣೆಯ ಷರತ್ತು ಸೇರಿಸಿ, ಮುಗಿದ ಮಾರ್ಗಗಳದ್ದನ್ನು ಈಗಲೇ ಕೊಡಿಸಿ.

ಇತಿ,
ಸುರಂಗ ಮತ್ತು ಭೂತಂತ್ರ ಎಂಜಿನಿಯರ್‌ಗಳು