ಬ್ಯಾಗ್ ಬಂದಿಲ್ಲ ಅಂತ ಹೇಳುವ ಕೆಲಸ

ಪ್ರೀತಿಯ ಅಮ್ಮ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, “ದಿನಾ ಯಾರ್ಯಾರ ಹತ್ತಿರವೋ ಬೈಸಿಕೊಳ್ಳೋ ಕೆಲಸ ನಿನಗೆ ಯಾಕೆ ಬೇಕು?” ಅಂತ. ಆಗ ನಕ್ಕು ಸುಮ್ಮನಾದೆ. ಇವತ್ತು ರಜೆ, ಕೂತು ಬರೆಯುತ್ತಿದ್ದೇನೆ. ಅಪ್ಪನಿಗೂ ಓದಿ ಹೇಳು.

ವಿಮಾನ ನಿಲ್ದಾಣದಲ್ಲಿ ನನ್ನ ಕೌಂಟರ್ ಇರುವುದು ಲಗೇಜ್ ಬರುವ ಬೆಲ್ಟಿನ ಪಕ್ಕದಲ್ಲೇ. ಬೆಲ್ಟು ನಿಂತ ಮೇಲೂ ಬರಿಗೈಲಿ ಉಳಿದವರು ಮಾತ್ರ ನನ್ನ ಹತ್ತಿರ ಬರುತ್ತಾರೆ. ಖುಷಿಯಾಗಿರುವವರ ಮುಖ ನೋಡುವುದೇ ಅಪರೂಪ.

ಸೇರಿದ ಹೊಸತರಲ್ಲಿ ಎಲ್ಲರ ಹಾಗೆ ನಾನೂ ಒಂದು ಮಾತು ಕಲಿತಿದ್ದೆ: “ಚಿಂತೆ ಮಾಡಬೇಡಿ, 24 ಗಂಟೆಯೊಳಗೆ ಬಂದುಬಿಡುತ್ತೆ.” ಬಹಳ ಅನುಕೂಲದ ಮಾತು. ಎದುರಿಗಿದ್ದವರು ತಣ್ಣಗಾಗುತ್ತಾರೆ, ಕ್ಯೂ ಮುಂದೆ ಸರಿಯುತ್ತದೆ. ಒಂದು ಸಲ ವಯಸ್ಸಾದ ಹೆಂಗಸೊಬ್ಬರು ಮೂರನೇ ದಿನ ವಾಪಸ್ ಬಂದರು. “ಇವತ್ತೂ 24 ಗಂಟೆಯೇನಾ?” ಅಂದರು, ಅಷ್ಟೇ. ಬೈದಿದ್ದರೆ ಸಂಜೆಗೆ ಮರೆತುಬಿಡುತ್ತಿದ್ದೆ.

ಅವತ್ತಿನಿಂದ ಆ ಮಾತು ಆಡಿಲ್ಲ. ಈಗ ಟ್ಯಾಗಿನ ಹತ್ತು ಅಂಕಿ ಹೊಡೆದು, ಬ್ಯಾಗು ಕೊನೆಗೆ ಎಲ್ಲಿ ಸ್ಕ್ಯಾನ್ ಆಗಿದೆಯೋ ಅದನ್ನೇ ಹೇಳುತ್ತೇನೆ. ಎಲ್ಲೂ ಆಗಿಲ್ಲದಿದ್ದರೆ ಅದನ್ನೂ ಹೇಳುತ್ತೇನೆ. ಜೊತೆಗೆ ಯಾರೂ ಕೇಳದ ಒಂದೆರಡು ವಿಷಯ. ಬ್ಯಾಗು ಒಡೆದು ಬಂದರೆ ಏಳು ದಿನದೊಳಗೆ ಬರೆದು ಕೊಡಬೇಕು. 21 ದಿನ ಕಳೆದರೂ ಬರದಿದ್ದರೆ ಕಳೆದುಹೋಯಿತು ಅಂತಲೇ ಪರಿಹಾರ ಕೇಳಬಹುದು. ಇದು ಅಂತರರಾಷ್ಟ್ರೀಯ ವಿಮಾನ ಪ್ರಯಾಣಕ್ಕೆ ದೇಶದೇಶಗಳು ಮಾಡಿಕೊಂಡ 1999ರ ಮಾಂಟ್ರಿಯಲ್ ಒಪ್ಪಂದದಲ್ಲೇ ಇದೆ. ಅಲ್ಲಿಯವರೆಗೆ ಬಟ್ಟೆ, ಬ್ರಷ್ಷು ಅಂತ ಏನು ಕೊಂಡರೂ ಬಿಲ್ ಇಟ್ಟುಕೊಳ್ಳಿ ಅನ್ನುತ್ತೇನೆ. “ಇಷ್ಟೆಲ್ಲ ನೀನೇ ಯಾಕೆ ಹೇಳಿಕೊಡ್ತೀಯ?” ಅಂತ ಸೀನಿಯರ್ ಒಬ್ಬರು ಮುಖ ಗಂಟು ಹಾಕಿದರು. ಹೇಳಿದರೂ ಸಂಬಳ ಅಷ್ಟೇ, ಹೇಳದಿದ್ದರೂ ಅಷ್ಟೇ, ಅಲ್ವಾ? ಹಾಗಿದ್ದ ಮೇಲೆ ಹೇಳಿಬಿಡುವುದೇ ವಾಸಿ ಅನ್ನಿಸಿತು. ರಾತ್ರಿ ನಿದ್ದೆಯಾದರೂ ಬರುತ್ತದೆ.

ಹೋದ ತಿಂಗಳು ಒಬ್ಬರು ಬಂದಿದ್ದರು. ಬ್ಯಾಗ್ ಹೇಗಿದೆ ಅಂದರೆ “ಕಪ್ಪು, ಚಕ್ರ ಇದೆ.” ಅಮ್ಮ, ಬೆಲ್ಟಿನ ಮೇಲೆ ಬರುವುದರಲ್ಲಿ ಅರ್ಧಕ್ಕರ್ಧ ಕಪ್ಪೇ, ಎಲ್ಲದಕ್ಕೂ ಚಕ್ರ ಇರುತ್ತದೆ! ಬ್ಯಾಗುಗಳ ಚಿತ್ರದ ಚಾರ್ಟ್ ಮುಂದಿಟ್ಟರೆ ಮೂರಕ್ಕೆ ಬೆರಳಿಟ್ಟರು. ಆಮೇಲೆ ಕೇಳಿದೆ, “ಜಿಪ್ ಎಳೆದ ತಕ್ಷಣ ಮೊದಲು ಕಣ್ಣಿಗೆ ಬೀಳೋದು ಏನು?” ಅವರು ಆ ಕಡೆ ಈ ಕಡೆ ನೋಡಿ, ಮೆಲ್ಲಗೆ, “ಹಳದಿ ಕೊಡೆ. ಎರಡು ಕಡ್ಡಿ ಮುರಿದಿದೆ” ಅಂದರು. ಹಾಗೇ ಬರೆದುಕೊಂಡೆ.

ಮಾರನೇ ದಿನ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತೇನೆ ಅಂದಿದ್ದೆ. ಒಂಬತ್ತಾದರೂ ಸುದ್ದಿಯೇ ಇಲ್ಲ. ಈ ಕೆಲಸದಲ್ಲಿ ನನಗೆ ಜಾಸ್ತಿ ಕಷ್ಟವಾಗುವುದು ಇದೇ. ಒಳ್ಳೆ ಸುದ್ದಿ ಇದ್ದರೆ ಕೈ ತಾನಾಗೇ ಫೋನಿಗೆ ಹೋಗುತ್ತದೆ. ಇಲ್ಲದಿದ್ದರೆ ನಾಳೆ ನೋಡೋಣ ಅನ್ನಿಸುತ್ತದೆ. ಐದು ನಿಮಿಷ ಸುಮ್ನೆ ಪೆನ್ನು ತಿರುಗಿಸುತ್ತಾ ಕೂತಿದ್ದೆ. ಆಮೇಲೆ ಮಾಡಿದೆ.

“ಏನೂ ಗೊತ್ತಾಗಿಲ್ಲ ಅಂತ ಹೇಳೋಕೆ ಫೋನ್ ಮಾಡಿದ್ರಾ?” ಅಂದರು.

“ಹೌದು, ನಾಳೆನೂ ಮಾಡ್ತೀನಿ” ಅಂದೆ. ನಕ್ಕುಬಿಟ್ಟರು.

ಐದನೇ ದಿನ ಇನ್ನೊಂದು ಊರಿನ ನಿಲ್ದಾಣದಲ್ಲಿ ಟ್ಯಾಗ್ ಕಿತ್ತುಹೋದ ಒಂದು ಬ್ಯಾಗ್ ತೆರೆದು ನೋಡಿದರಂತೆ. ಅಲ್ಲಿಯವರು ಕಳಿಸಿದ, ಒಳಗಿದ್ದ ಸಾಮಾನಿನ ಪಟ್ಟಿಯಲ್ಲಿ ಮೊದಲ ಸಾಲೇ ಹಳದಿ ಕೊಡೆ. ನಾನು ಕುರ್ಚಿಯಿಂದ ಎದ್ದು ಕೂಗಿಕೊಂಡಿದ್ದಕ್ಕೆ ಪಕ್ಕದ ಕೌಂಟರಿನವಳು ಹೆದರಿಬಿಟ್ಟಳು.

ಎಲ್ಲ ದಿನವೂ ಹೀಗಿರುವುದಿಲ್ಲ. ಶುಕ್ರವಾರ ಒಬ್ಬ ಪಾಸ್‌ಪೋರ್ಟನ್ನು ಕೌಂಟರಿನ ಮೇಲೆ ಎಸೆದ. ಎತ್ತಿ ಕೈಗೆ ಕೊಟ್ಟೆ, ಆಮೇಲೆ ಬಾತ್‌ರೂಮಿಗೆ ಹೋಗಿ ಸ್ವಲ್ಪ ಅತ್ತೆ. ಇದನ್ನು ಅಪ್ಪನಿಗೆ ಓದಬೇಡ.

ಮುಂದಿನ ವಾರ ನನಗೆ ರಾತ್ರಿ ಪಾಳಿ. ನಾನೇ ಫೋನ್ ಮಾಡುತ್ತೇನೆ, ಭಾನುವಾರ. ಹೇಳೋಕೆ ಏನೂ ಇಲ್ಲದಿದ್ದರೂ ಮಾಡುತ್ತೇನೆ.

ನಿನ್ನ
ಪುಟ್ಟಿ