ಅವ್ವನ ಒಲೆಗೂ ಗೃಹಜ್ಯೋತಿ ಸಿಗಲಿ: ಇಂಧನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರಿಗೆ,

ನಮಸ್ಕಾರ ಸಾರ್. ನನ್ನ ತವರು ಚಳ್ಳಕೆರೆ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಅಲ್ಲಿ ನಮ್ಮವ್ವನ ಮನೆಯ ಅಟ್ಟದ ಮೇಲೆ ಒಂದು ಇಂಡಕ್ಷನ್ ಒಲೆ ಇದೆ, ಡಬ್ಬದ ಸಮೇತ. ಹೋದ ದೀಪಾವಳಿಗೆ ನಾನೇ ಕೊಡಿಸಿದ್ದು. ಅವ್ವ ಅದನ್ನು ಒಂದೇ ತಿಂಗಳು ಬಳಸಿದಳು. ಅದು ಯಾಕೆ ಅಟ್ಟ ಸೇರಿತು ಅಂತ ಹೇಳೋಕೇ ಈ ಪತ್ರ.

ಅವ್ವನಿಗೆ 58 ವರ್ಷ. ಬುದ್ಧಿ ಬಂದಾಗಿನಿಂದ ಒಲೆ ಊದಿದವಳು. ನಮ್ಮ ಕಡೆ ಸೌದೆ ಅಂದರೆ ಬಳ್ಳಾರಿ ಜಾಲಿ, ತೊಗರಿ ಕಟ್ಟಿಗೆ. ಅದಿಲ್ಲದ ದಿನ ಬೆರಣಿ. ಮಳೆಗಾಲದಲ್ಲಿ ಜಾಲಿ ಹಸಿಯಿದ್ದರೆ, ಊದುಗೊಳವೆ ಹಿಡಿದು ಕೂತವಳು ಮುದ್ದೆಗೆ ಎಸರು ಕುದಿಯುವ ತನಕ ಏಳುವ ಹಾಗಿಲ್ಲ. ಒಂದುಸಲ ಊದುತ್ತಾಳೆ, ಮುಖ ಪಕ್ಕಕ್ಕೆ ತಿರುಗಿಸಿ ಕೆಮ್ಮುತ್ತಾಳೆ, ಸೆರಗಲ್ಲಿ ಕಣ್ಣು ಒರೆಸಿಕೊಂಡು ಮತ್ತೆ ಊದುತ್ತಾಳೆ. ತೊಲೆ ಮುಟ್ಟಿದರೆ ಮಸಿ ಜಿಡ್ಡು ಜಿಡ್ಡಾಗಿ ಕೈಗೆ ಅಂಟುತ್ತದೆ. ಈಗ ಎರಡು ವರ್ಷದಿಂದ ನಾಲ್ಕು ಹೆಜ್ಜೆ ನಡೆದರೆ ಅವಳಿಗೆ ಏದುಸಿರು. ಉಸಿರಾಡುವ ದಾರಿ ಕಿರಿದಾಗಿದೆ, ಹೊಗೆಯಿಂದ ದೂರ ಇರಿ ಅಂದರು ಡಾಕ್ಟರು. ಒಂದು ಬೀಡಿಯನ್ನೂ ಮುಟ್ಟಿದವಳಲ್ಲ ಸಾರ್ ಅವಳು.

ಸೌದೆ ಹೊಗೆಯಲ್ಲಿ ತಲೆಕೂದಲಿನ ಮೂವತ್ತನೇ ಒಂದು ಪಾಲಿಗಿಂತ ಸಣ್ಣ ಕಣಗಳೂ ಇರುತ್ತವೆ. ಮೂಗು, ಗಂಟಲು ಅದನ್ನು ತಡೆಯಲ್ಲ. ಶ್ವಾಸಕೋಶದ ತಳಕ್ಕೇ ಇಳಿಯುತ್ತವೆ, ರಕ್ತಕ್ಕೂ ಸೇರುತ್ತವೆ. ಒಲೆ ಹತ್ತಿರ ಆಡುವ ಮಕ್ಕಳಿಗೆ ನ್ಯುಮೋನಿಯಾ, ದೊಡ್ಡವರಿಗೆ ಹೃದಯದ ಕಾಯಿಲೆ, ಲಕ್ವ, ಕಣ್ಣಿನ ಪೊರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರು. ಅದರಲ್ಲಿ 5 ವರ್ಷದೊಳಗಿನ ಮಕ್ಕಳೇ 2 ಲಕ್ಷ 37 ಸಾವಿರಕ್ಕೂ ಜಾಸ್ತಿ.

ಗ್ಯಾಸ್ ಇಲ್ಲವಾ ಅಂತ ಕೇಳಬಹುದು. ಇದೆ. ಉಜ್ವಲ ಯೋಜನೆಯಲ್ಲಿ ಅವ್ವನ ಹೆಸರಿಗೇ ಬಂದಿದೆ. ಆದರೆ ಸಿಲಿಂಡರಿನ ಪೂರ್ತಿ ದುಡ್ಡು ಒಂದೇ ಸಲ ಎಣಿಸಬೇಕು, ಸಬ್ಸಿಡಿ ಖಾತೆಗೆ ಬೀಳೋದು ಆಮೇಲೆ. ಕೂಲಿ ದುಡ್ಡಲ್ಲಿ ನಡೆಯುವ ಮನೆಗೆ ಅದು ಕಷ್ಟ. ಹಾಗಾಗಿ ನೆಂಟರು ಬಂದಾಗ ಟೀಗೆ ಗ್ಯಾಸು, ದಿನದ ಅಡುಗೆಗೆ ಸೌದೆ. ಸ್ನಾನದ ಹಂಡೆಗಂತೂ ಗ್ಯಾಸಿನ ಮಾತೇ ಇಲ್ಲ.

ಗೃಹಜ್ಯೋತಿ ಇದೆಯಲ್ಲ, 200 ಯೂನಿಟ್ ತನಕ ಉಚಿತ ಅಲ್ವಾ ಅಂತ ಧೈರ್ಯವಾಗಿ ಇಂಡಕ್ಷನ್ ತಂದೆ. ಬಿಲ್ ಬಂದಾಗಲೇ ಗೊತ್ತಾಗಿದ್ದು, ಆ 200 ಎಲ್ಲರಿಗೂ ಅಲ್ಲ. 2023ರಲ್ಲಿ ಯೋಜನೆ ಶುರುವಾದಾಗ ಹಿಂದಿನ ವರ್ಷದ ಸರಾಸರಿ ಬಳಕೆ ಹಿಡಿದು, ಅದಕ್ಕೆ ಶೇ 10 ಸೇರಿಸಿ ಒಂದೊಂದು ಮನೆಗೆ ಒಂದೊಂದು ಮಿತಿ ಹಾಕಿದಿರಿ. ಕಡಿಮೆ ಬಳಸುವವರಿಗೆ ಆಮೇಲೆ ಶೇ 10ರ ಬದಲು 10 ಯೂನಿಟ್ ಕೊಟ್ಟಿರಿ, ಅದು ಒಳ್ಳೆಯ ಕೆಲಸ. ಅವ್ವನ ಮನೆಯಲ್ಲಿ ಮೂರು ಬಲ್ಬು, ಒಂದು ಫ್ಯಾನು, ಒಂದು ಟೀವಿ. ಸರಾಸರಿ 28 ಯೂನಿಟ್, ಮಿತಿ 38. 1500 ವ್ಯಾಟಿನ ಇಂಡಕ್ಷನ್ನು ದಿನಕ್ಕೆ ಒಂದೇ ಗಂಟೆ ಹಾಕಿದರೂ ಅದಕ್ಕೇ ತಿಂಗಳಿಗೆ 45 ಯೂನಿಟ್ ಬೇಕು. ಮಿತಿ ದಾಟಿದ್ದಕ್ಕೆಲ್ಲ ದುಡ್ಡು. "ಸೊನ್ನೆ ಬರ್ತಿದ್ದ ಬಿಲ್ಲು ಇದು, ಬ್ಯಾಡ ಬಿಡು ಮಗಳೇ" ಅಂದು ಅವ್ವ ಒಲೆಯನ್ನು ಡಬ್ಬಕ್ಕೆ ಹಾಕಿದಳು.

ಫ್ರಿಜ್ಜು, ಗೀಸರು ಇಟ್ಟುಕೊಂಡು ಮೊದಲಿಂದ 170 ಯೂನಿಟ್ ಬಳಸುತ್ತಿದ್ದ ಮನೆಗೆ 187 ಉಚಿತ. ಸೌದೆ ಒಲೆ ಊದಿದ್ದಕ್ಕೇ ಕರೆಂಟು ಕಡಿಮೆ ಬಳಸಿದ ಅವ್ವನಿಗೆ 38. ಇದು ಸರಿಯಾ ಸಾರ್?

ಬಿಪಿಎಲ್ ಕಾರ್ಡಿನ ಮನೆಯವರು ಕರೆಂಟಿನಲ್ಲಿ ಅಡುಗೆ ಮಾಡುತ್ತೇವೆ ಅಂತ ಬರೆದುಕೊಟ್ಟರೆ, ಅವರ ಮಿತಿಗೆ ಇನ್ನು 60 ಯೂನಿಟ್ ಸೇರಿಸಿ. ಸೇರಿಸಿದರೂ ಅವ್ವನದು 98, ನೀವು ಹೇಳಿದ 200ರ ಅರ್ಧವೂ ಆಗಲ್ಲ. ಇನ್ನೊಂದು, ಬೆಳಗ್ಗೆ, ಸಂಜೆ ಅಡುಗೆ ಹೊತ್ತಲ್ಲಿ ಹಳ್ಳಿಗಳ ಕರೆಂಟ್ ತೆಗೆಸಬೇಡಿ. ಮುದ್ದೆ ಅರ್ಧ ಬೆಂದು ನಿಂತರೆ ಯಾರೂ ಮತ್ತೆ ಆ ಒಲೆಯನ್ನು ನಂಬಲ್ಲ.

ನಾನು ದಾವಣಗೆರೆಯಿಂದ ಊರಿಗೆ ಹೋಗುವಾಗ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ನಮ್ಮ ಜಿಲ್ಲೆಯ ಗಾಳಿಯಲ್ಲಿ ಹುಟ್ಟುವ ಕರೆಂಟು ಅದು. ಅಲ್ಲಿಂದ ಸ್ವಲ್ಪ ದೂರದಲ್ಲೇ ಅವ್ವ ಊದುಗೊಳವೆ ಹಿಡಿದು ಕೂತಿರುತ್ತಾಳೆ.

ನಿಮ್ಮ ಆದೇಶ ಬಂದ ವಾರವೇ ಊರಿಗೆ ಹೋಗಿ ಅಟ್ಟದಿಂದ ಆ ಡಬ್ಬ ಇಳಿಸುತ್ತೇನೆ.

ಇಂತಿ,
ಚಳ್ಳಕೆರೆ ತಾಲ್ಲೂಕಿನ ಮಗಳು